ಎಚ್ಚರದ ಎಲ್ಲೆಯನ್ನು ಅರಸಿದ ವಿಲಿಯಂ ಜೇಮ್ಸ್

ಮನುಷ್ಯನು ತನ್ನ ಆಯುಸ್ಸಿನ ಸುಮಾರು ಮೂರರಲ್ಲೊಂದು ಪಾಲನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಅರುವತ್ತು ವರ್ಷ ಬಾಳಿದವನು ಇಪ್ಪತ್ತು ವರ್ಷ ಕಣ್ಣು ಮುಚ್ಚಿಯೇ ಇದ್ದನೆಂದಾಯಿತು. ಆ ಕಾಲವೆಲ್ಲ ನಾನೆಂಬ ಅರಿವು ಎಲ್ಲಿಗೆ ಹೋಗಿತ್ತು? ಇರುಳಿನ ಕನಸಿನಲ್ಲಿ ಅರಸನಾಗಿ ಮೆರೆದವನು, ಇಲ್ಲವೆ ಹುಲಿಯ ಬಾಯಿಗೆ ಸಿಕ್ಕಿ ಕೂಗಿಕೊಂಡವನು, ಬೆಳಗಾದೊಡನೆ ತನ್ನ ಹೆಸರು, ಮನೆ, ನಂಟು, ಸಾಲಗಳನ್ನು ಒಂದೂ ತಪ್ಪದಂತೆ ಮತ್ತೆ ಹೇಗೆ ಕೈಗೆತ್ತಿಕೊಳ್ಳುತ್ತಾನೆ? ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂದು ಅವಸ್ಥೆಗಳನ್ನು ವಿಂಗಡಿಸಿ ನಮ್ಮ ನಾಡಿನ ಹಿರಿಯರು ಈ ಪ್ರಶ್ನೆಯನ್ನು ಬಹುಕಾಲದಿಂದ ಚಿಂತಿಸಿರುವರು. ಕಡಲಾಚೆಯ ಅಮೆರಿಕ ದೇಶದಲ್ಲಿ ಇದೇ ಪ್ರಶ್ನೆಯನ್ನು ಶಾಸ್ತ್ರದ ಮಾರ್ಗದಿಂದಲೂ ಸ್ವಂತ ಬಾಳಿನ ಸಂಕಟದಿಂದಲೂ ಎದುರಿಸಿದ ಒಬ್ಬ ಮಹನೀಯನುಂಟು. ಆತನೇ ವಿಲಿಯಂ ಜೇಮ್ಸ್. ಆತನ ಚರಿತ್ರೆಯು ಪಂಡಿತರಿಗೆಷ್ಟೋ ಗೃಹಸ್ಥರಿಗೂ ಅಷ್ಟೇ ಉಪಯುಕ್ತವಾದುದು.

ವಿಲಿಯಂ ಜೇಮ್ಸನು 1842ನೆಯ ಇಸವಿ ಜನವರಿ 11ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ಐರ್ಲೆಂಡಿನಿಂದ ಬಂದು ಆಲ್ಬನಿ ಪಟ್ಟಣದಲ್ಲಿ ನೆಲಸಿದ ಅಜ್ಜನು ವ್ಯಾಪಾರದಿಂದ ಅಪಾರ ಐಶ್ವರ್ಯವನ್ನು ಗಳಿಸಿದ್ದನು. ತಂದೆ ಹೆನ್ರಿ ಜೇಮ್ಸನಿಗೆ ಹೊಟ್ಟೆಪಾಡಿನ ಚಿಂತೆಯಿರಲಿಲ್ಲ. ಆತನ ಚಿಂತೆಯೆಲ್ಲ ದೇವರನ್ನು ಕುರಿತದ್ದು. ಬಾಲ್ಯದಲ್ಲಿ ಬೆಂಕಿಯ ಅಪಘಾತದಿಂದ ಒಂದು ಕಾಲನ್ನು ಕಳೆದುಕೊಂಡ ಆ ತಂದೆಯು 1844ರಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಒಂದು ದಿನ ಊಟ ಮುಗಿಸಿ ಒಬ್ಬನೇ ಮೇಜಿನ ಮುಂದೆ ಕುಳಿತಿರಲು, ಕೋಣೆಯೊಳಗೆ ಕಾಣದ ಯಾವುದೋ ಆಕಾರವು ಕುಕ್ಕರಿಸಿ ಕುಳಿತಂತಾಗಿ, ಕಾರಣವಿಲ್ಲದ ಮಹಾಭಯಕ್ಕೆ ತುತ್ತಾದನು. ಆ ಕಂಪದಿಂದ ಚೇತರಿಸಿಕೊಳ್ಳಲು ಬಹುಕಾಲ ಹಿಡಿಯಿತು. ಕೊನೆಗೆ ಸ್ವೀಡನ್ ದೇಶದ ಅನುಭಾವಿ ಸ್ವೀಡನ್‌ಬೋರ್ಗನ ಗ್ರಂಥಗಳಲ್ಲಿ ಆತನಿಗೆ ಸಮಾಧಾನ ದೊರೆಯಿತು. ಮಗ ವಿಲಿಯಂ ಆಗ ಎರಡು ವರ್ಷದ ಕೂಸು. ತಂದೆಯ ಐಶ್ವರ್ಯದ ಜೊತೆಗೆ ಈ ಭಯದ ಪಾಲೂ ತನಗೆ ಬರಲಿದೆಯೆಂದು ಕೂಸಿಗೇನು ಗೊತ್ತು!

ಒಡಹುಟ್ಟಿದವರು ಐವರು. ವಿಲಿಯಂ ಹಿರಿಯವನು. ಎರಡನೆಯವನಾದ ಹೆನ್ರಿ ಜೇಮ್ಸ್ ಮುಂದೆ ಜಗತ್ಪ್ರಸಿದ್ಧ ಕಾದಂಬರಿಕಾರನಾದನು. ತಂಗಿ ಆಲಿಸಳು ತನ್ನ ದಿನಚರಿಯಿಂದ ಹೆಸರಾದಳು. ಮಕ್ಕಳಿಗೆ ಒಳ್ಳೆಯ ವಿದ್ಯೆ ಬರಲೆಂದು ತಂದೆಯು ಸಂಸಾರವನ್ನೇ ಕಟ್ಟಿಕೊಂಡು ಅಮೆರಿಕ ಯೂರೋಪುಗಳ ನಡುವೆ ಹಲವು ಬಾರಿ ತಿರುಗಿದನು. ಇದರಿಂದ ವಿಲಿಯಮನಿಗೆ ಹಲವು ಭಾಷೆಗಳು ಬಂದವು. ಒಂದೆಡೆ ನೆಲೆನಿಲ್ಲುವ ಅಭ್ಯಾಸ ಮಾತ್ರ ಬರಲಿಲ್ಲ. ಮೊದಲು ಚಿತ್ರಕಾರನಾಗಬೇಕೆಂದು ಬಣ್ಣ ಹಿಡಿದನು, ವರ್ಷದೊಳಗೆ ಬಿಟ್ಟನು. 1861ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ ರಸಾಯನಶಾಸ್ತ್ರ ಓದಿದನು. ಅದನ್ನೂ ಬಿಟ್ಟು 1864ರಲ್ಲಿ ವೈದ್ಯವಿದ್ಯೆಗೆ ತೊಡಗಿದನು. ಮರುವರ್ಷ ಅಗಾಸಿ ಎಂಬ ಜೀವಶಾಸ್ತ್ರಜ್ಞನೊಡನೆ ಬ್ರೆಜಿಲ್ ದೇಶಕ್ಕೆ ಹೋಗಿ, ಅಲ್ಲಿ ಸಿಡುಬಿನ ಸೌಮ್ಯರೂಪದ ಬೇನೆಯಿಂದ ಮಲಗಿದನು. ಬಳಿಕ ಬೆನ್ನುನೋವು, ಕಣ್ಣಿನ ದೌರ್ಬಲ್ಯ, ನಿದ್ರಾನಾಶಗಳು ಒಂದರ ಹಿಂದೊಂದು ಬಂದವು. 1869ರಲ್ಲಿ ವೈದ್ಯ ಪದವಿ ಕೈಗೆ ಬಂದಿತಾದರೂ ಆತನು ಒಬ್ಬ ರೋಗಿಯನ್ನೂ ನೋಡುವ ವೃತ್ತಿಗೆ ಇಳಿಯಲಿಲ್ಲ. ಇಪ್ಪತ್ತೇಳರ ಪ್ರಾಯದಲ್ಲಿ ತಂದೆಯ ಮನೆಯಲ್ಲಿ ತಾನೇ ರೋಗಿಯಾಗಿ ಕುಳಿತಿದ್ದನು.

ದೇಹದ ಬೇನೆಗಿಂತ ಹಿರಿದಾದ ಬೇನೆಯೊಂದು ಆತನನ್ನು ಕಾಡುತ್ತಿತ್ತು. ಮನಸ್ಸು ಮೆದುಳಿನ ಯಂತ್ರದ ಸದ್ದು ಮಾತ್ರವೆಂದೂ, ಮನುಷ್ಯನ ಪ್ರತಿಯೊಂದು ನಡೆಯೂ ಮೊದಲೇ ಗೊತ್ತಾಗಿರುವುದೆಂದೂ ಅಂದಿನ ವಿಜ್ಞಾನಿಗಳು ಅನೇಕರು ಸಾರುತ್ತಿದ್ದರು. ಹಾಗಾದರೆ ಒಳಿತನ್ನು ಆಯ್ದುಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಕುಸಿದವನು ಏಳಬೇಕೆಂಬ ಮಾತಿಗೆ ಅರ್ಥವೂ ಇಲ್ಲ. 1870ರ ಮಾರ್ಚಿಯಲ್ಲಿ ಪ್ರೀತಿಪಾತ್ರಳಾದ ಸೋದರ ಸಂಬಂಧಿ ಮಿನ್ನಿ ಟೆಂಪಲಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಆ ವರ್ಷದ ಆಸುಪಾಸಿನಲ್ಲಿಯೇ ಒಂದು ಸಂಜೆ ಮಬ್ಬುಗತ್ತಲೆಯಲ್ಲಿ ಏನನ್ನೋ ತರಲು ಒಳಕೋಣೆಗೆ ಹೋದಾಗ ಆತನ ಮೇಲೆ ಭಯವು ಎರಗಿತು. ಹಿಂದೊಮ್ಮೆ ಹುಚ್ಚಾಸ್ಪತ್ರೆಯಲ್ಲಿ ಕಂಡಿದ್ದ ಅಪಸ್ಮಾರದ ಯುವಕನೊಬ್ಬನ ರೂಪವು ಆ ಕ್ಷಣದಲ್ಲಿ ಕಣ್ಣೆದುರು ನಿಂತಿತು. ಮೊಣಕಾಲುಗಳನ್ನು ಗಲ್ಲಕ್ಕೆ ಮಡಿಸಿಕೊಂಡು, ಒರಟು ಅಂಗಿಯನ್ನು ಅವುಗಳ ಮೇಲೆಳೆದುಕೊಂಡು, ದಿನವೆಲ್ಲ ಬೆಂಚಿನ ಮೇಲೆ ಅಲುಗದೆ ಕುಳಿತಿರುತ್ತಿದ್ದ ದೀನಜೀವಿ ಆತ. ತಾನೂ ಅವನಂತಾಗಲು ಅಡ್ಡವಾಗಿರುವುದು ಏನೇನೂ ಇಲ್ಲವೆಂಬ ಅರಿವು ಜೇಮ್ಸನ ಎದೆಯನ್ನು ಕರಗಿಸಿತು. ಅಂದಿನಿಂದ ತಿಂಗಳುಗಟ್ಟಲೆ ಪ್ರತಿ ಬೆಳಗೂ ಎಚ್ಚರವಾಗುತ್ತಲೇ ಹೊಟ್ಟೆಯಾಳದಲ್ಲಿ ಭೀತಿ. ಕತ್ತಲಲ್ಲಿ ಒಬ್ಬನೇ ಹೊರಗೆ ಹೋಗಲಾರನು. ಪಕ್ಕದಲ್ಲೇ ನಗುನಗುತ್ತ ಓಡಾಡುವ ತಾಯಿಯು ಬಾಳಿನ ಅಡಿಯಲ್ಲಿರುವ ಈ ಕಂದರವನ್ನು ಅರಿಯದೆ ಹೇಗೆ ಇರಬಲ್ಲಳೆಂದು ಆಶ್ಚರ್ಯಪಡುವನು. ಆಕೆಯ ನೆಮ್ಮದಿ ಕೆಡಬಾರದೆಂದು ತನ್ನ ಸ್ಥಿತಿಯನ್ನು ಮುಚ್ಚಿಡುವನು. ಬಹುವರ್ಷಗಳ ಬಳಿಕ ಈ ಘಟನೆಯನ್ನು ತನ್ನ ಗ್ರಂಥದಲ್ಲಿ ಹೆಸರಿಲ್ಲದ ಫ್ರೆಂಚನೊಬ್ಬನ ಅನುಭವವೆಂದು ಸೇರಿಸಿದನು. ಅದು ತನ್ನದೇ ಎಂಬುದನ್ನು ಆ ಗ್ರಂಥದ ಫ್ರೆಂಚ್ ಅನುವಾದಕನಿಗೆ ತಿಳಿಸಿದ್ದನು.

ಈ ಕತ್ತಲಲ್ಲಿ ಕೈಗೆ ಸಿಕ್ಕ ಹಗ್ಗವು ಸಣ್ಣದು. 1870ರ ಏಪ್ರಿಲ್ ಕೊನೆಯಲ್ಲಿ ಫ್ರಾನ್ಸಿನ ತತ್ತ್ವಜ್ಞ ರೆನೂವಿಯೆಯ ಪ್ರಬಂಧವೊಂದನ್ನು ಓದುತ್ತಿದ್ದಾಗ ಆತನಿಗೆ ಒಂದು ಮಾತು ಹಿಡಿಸಿತು. ಬೇರೆ ಆಲೋಚನೆಗಳು ಬರಬಹುದಾದ ಹೊತ್ತಿನಲ್ಲಿಯೂ ತಾನು ಆಯ್ದುಕೊಂಡ ಆಲೋಚನೆಯನ್ನೇ ಬಿಡದೆ ಹಿಡಿದು ನಿಲ್ಲಿಸುವುದೇ ಇಚ್ಛಾಸ್ವಾತಂತ್ರ್ಯವೆಂಬುದು ಅದರ ಸಾರ. ಇದನ್ನು ವಾದದಿಂದ ಸಾಧಿಸುವವರೆಗೆ ಕಾಯದೆ, ಸ್ವಾತಂತ್ರ್ಯವುಂಟೆಂದು ನಂಬುವುದನ್ನೇ ತನ್ನ ಮೊದಲ ಸ್ವತಂತ್ರ ಕಾರ್ಯವನ್ನಾಗಿ ಮಾಡಿಕೊಳ್ಳುವೆನೆಂದು ಏಪ್ರಿಲ್ 30ರಂದು ದಿನಚರಿಯಲ್ಲಿ ಬರೆದಿಟ್ಟನು. ಒಂದೇ ದಿನದಲ್ಲಿ ಆರೋಗ್ಯ ಮರಳಲಿಲ್ಲ. ಆದರೆ ಪ್ರತಿದಿನವೂ ಅಷ್ಟಷ್ಟು ಕಾರ್ಯವನ್ನು ಕೂಡಿಸುತ್ತ, ಬಿದ್ದರೂ ಏಳುತ್ತ, ಎರಡು ಮೂರು ವರ್ಷಗಳಲ್ಲಿ ಆತನು ದಡ ಸೇರಿದನು.

1873ರಲ್ಲಿ ಹಾರ್ವರ್ಡಿನಲ್ಲಿ ಶರೀರಶಾಸ್ತ್ರದ ಪಾಠ ಹೇಳುತ್ತಿದ್ದನು. 1875ರ ಹೊತ್ತಿಗೆ ಮನಶ್ಶಾಸ್ತ್ರದ ತರಗತಿಯನ್ನು ಆರಂಭಿಸಿ, ಪ್ರಯೋಗಗಳಿಗೆ ಚಿಕ್ಕದೊಂದು ಕೋಣೆಯನ್ನೂ ಸಜ್ಜುಗೊಳಿಸಿದನು. 1878ರ ಜುಲೈಯಲ್ಲಿ ಆಲಿಸ್ ಗಿಬ್ಬೆನ್ಸ್ ಎಂಬ ಉಪಾಧ್ಯಾಯಿನಿಯನ್ನು ವಿವಾಹವಾದನು. ಚಂಚಲಚಿತ್ತನಾದ ಗಂಡನಿಗೆ ಆಕೆಯು ನೆಲೆಯಾದಳು. ಅದೇ ವರ್ಷ ಪ್ರಕಾಶಕ ಹೆನ್ರಿ ಹೋಲ್ಟನಿಗೆ ಮನಶ್ಶಾಸ್ತ್ರದ ಪುಸ್ತಕವೊಂದನ್ನು ಎರಡು ವರ್ಷಗಳಲ್ಲಿ ಬರೆದುಕೊಡುವುದಾಗಿ ಒಪ್ಪಿದನು. ಎರಡು ವರ್ಷಗಳು ಹನ್ನೆರಡಾದವು. 1890ರಲ್ಲಿ ಹೊರಬಂದ ಮನಶ್ಶಾಸ್ತ್ರದ ತತ್ತ್ವಗಳು ಎಂಬ ಆ ಗ್ರಂಥವು ಎರಡು ಸಂಪುಟಗಳಲ್ಲಿ ಸುಮಾರು 1,400 ಪುಟಗಳಷ್ಟಿತ್ತು.

ಆ ಗ್ರಂಥದ ಮುಖ್ಯ ಮಾತೊಂದನ್ನು ಇಲ್ಲಿ ತಿಳಿಯಬೇಕು. ಅದುವರೆಗಿನ ಪಂಡಿತರು ಮನಸ್ಸನ್ನು ಮಣಿಗಳ ಸರದಂತೆ ವರ್ಣಿಸುತ್ತಿದ್ದರು. ಒಂದೊಂದು ಭಾವನೆ ಒಂದೊಂದು ಮಣಿ. ಜೇಮ್ಸನು ಅದನ್ನು ಒಪ್ಪದೆ, ಪ್ರಜ್ಞೆಯು ಹೊಳೆಯಂತೆ ಸದಾ ಹರಿಯುವುದೆಂದೂ, ಅದರಲ್ಲಿ ಒಂದೇ ಸ್ಥಿತಿಯು ಎರಡು ಬಾರಿ ಬರುವುದಿಲ್ಲವೆಂದೂ ತಿಳಿಸಿದನು. ಹಾಗಾದರೆ ನಿದ್ರೆಯಲ್ಲಿ ಹೊಳೆ ಕಡಿಯಲಿಲ್ಲವೇ? ಒಂದೇ ಚಾಪೆಯ ಮೇಲೆ ಮಲಗಿದ ಅಣ್ಣತಮ್ಮಂದಿರನ್ನು ನೆನೆಯಿರಿ. ಬೆಳಗ್ಗೆ ಇಬ್ಬರೂ ಏಳುವರು. ಅಣ್ಣನು ನಿನ್ನೆಯ ತನ್ನ ಹಗಲನ್ನೇ ಹುಡುಕಿ ಸೇರುವನಲ್ಲದೆ ತಪ್ಪಿಯೂ ತಮ್ಮನ ಹಗಲನ್ನು ಸೇರನು. ತನ್ನ ನೆನಪಿಗೆ ಒಂದು ಬಿಸುಪು, ಒಂದು ಆಪ್ತತೆ ಇರುವುದು. ಇನ್ನೊಬ್ಬನ ಸ್ಥಿತಿಯನ್ನು ನಾವು ಊಹಿಸಬಲ್ಲೆವೇ ಹೊರತು ಆ ಬಿಸುಪನ್ನು ಕಾಣಲಾರೆವು. ಈ ಆಪ್ತತೆಯೇ ಇರುಳಿನ ಕಂದಕದ ಮೇಲೆ ಸೇತುವೆಯೆಂದು ಆತನ ಅಭಿಪ್ರಾಯ.

ನಿದ್ರೆಯು ಪೂರ್ತಿಯಾದ ಶೂನ್ಯವಲ್ಲವೆಂಬುದಕ್ಕೂ ಆತನು ಮನೆಮನೆಯ ನಿದರ್ಶನವನ್ನು ಎತ್ತಿಕೊಂಡನು. ಗುಡುಗಿಗೆ ಏಳದ ತಾಯಿಯು ಮಗ್ಗುಲ ಕೂಸು ಮಿಸುಕಿದರೆ ಏಳುವಳು. ಇಷ್ಟು ಹೊತ್ತಿಗೆ ಏಳಬೇಕೆಂದು ನಿಶ್ಚಯಿಸಿ ಮಲಗಿದವನು ಯಾರೂ ಎಬ್ಬಿಸದೆ ಅದೇ ಹೊತ್ತಿಗೆ ಏಳುವುದುಂಟು. ಹಾಗಾದರೆ ಒಳಗೆ ಏನೋ ಒಂದು ಕಾವಲಿದೆ. ಎಚ್ಚರವಾದ ಮೇಲೆ ನಮಗೆ ನೆನಪಿಲ್ಲವೆಂದ ಮಾತ್ರಕ್ಕೆ ಅರಿವೇ ಇರಲಿಲ್ಲವೆಂದು ತೀರ್ಮಾನಿಸಲಾಗದು. ಇಚ್ಛಾಶಕ್ತಿಯ ವಿಚಾರದಲ್ಲಿಯೂ ಆತನು ಹಾಸಿಗೆಯನ್ನೇ ಉದಾಹರಿಸಿದನು. ಕೊರೆಯುವ ಚಳಿಯ ಬೆಳಗಿನಲ್ಲಿ, ಒಲೆಯಿಲ್ಲದ ಕೋಣೆಯಲ್ಲಿ, ಏಳಬೇಕೆಂದು ನಮಗೆ ಗೊತ್ತು, ಆದರೂ ಏಳೆವು. ಏಳುವ ಸಂಕಲ್ಪವನ್ನು ಕಂಬಳಿಯ ಬಿಸುಪೂ ಹೊರಗಿನ ಚಳಿಯೂ ತಡೆದಿಟ್ಟಿರುವುವು. ಯಾವುದೋ ಗಳಿಗೆಯಲ್ಲಿ ದಿನದ ಕೆಲಸವೊಂದು ನೆನಪಾಗಿ, ಚಳಿಯ ಚಿಂತೆ ಮರೆತುಹೋದೊಡನೆ, ನೋಡುವಷ್ಟರಲ್ಲಿ ಎದ್ದು ನಿಂತಿರುತ್ತೇವೆ. ಮನಸ್ಸು ಯಾವುದನ್ನು ಹಿಡಿದು ನಿಲ್ಲಿಸುವುದೋ ದೇಹವು ಅದರ ಹಿಂದೆ ನಡೆಯುವುದು. 1870ರಲ್ಲಿ ಪ್ರಾಣವನ್ನುಳಿಸಿದ ಪಾಠವೇ ಇಲ್ಲಿ ಶಾಸ್ತ್ರವಾಯಿತು.

ಜೇಮ್ಸನ ಮನೆಗೂ ದುಃಖ ಬಾರದಿರಲಿಲ್ಲ. ಮೂರನೆಯ ಮಗ ಹರ್ಮನನು 1885ರ ಬೇಸಿಗೆಯಲ್ಲಿ ನಾಯಿಕೆಮ್ಮಿನಿಂದ ಇನ್ನೂ ಎರಡು ತುಂಬುವ ಮೊದಲೇ ತೀರಿಕೊಂಡನು. ಅದೇ ವರ್ಷ ಬಾಸ್ಟನ್ನಿನ ಪೈಪರ್ ಎಂಬ ಗೃಹಿಣಿಯೊಬ್ಬಳು ಪರವಶಳಾಗಿ ಸತ್ತವರ ಸುದ್ದಿ ನುಡಿಯುವಳೆಂದು ಕೇಳಿ ದಂಪತಿಗಳು ಆಕೆಯ ಬಳಿಗೆ ಹೋದರು. ಜೇಮ್ಸನು ಆಕೆಯ ಮಾತನ್ನು ಕಣ್ಣುಮುಚ್ಚಿ ನಂಬಲಿಲ್ಲ. ನಗೆಯಾಡಿ ತಳ್ಳಿಯೂ ಬಿಡಲಿಲ್ಲ. ಸುಮಾರು ಇಪ್ಪತ್ತೈದು ವರ್ಷ ಇಂಥ ಸಂಗತಿಗಳನ್ನು ಪರೀಕ್ಷಿಸಿ, ನಿರ್ಣಯಕ್ಕೆ ಬಾರದೆಯೇ ಉಳಿದನು. ಸಹೋದ್ಯೋಗಿಗಳ ಪರಿಹಾಸವನ್ನು ಆತನು ಲೆಕ್ಕಿಸಲಿಲ್ಲ.

1896ರಲ್ಲಿ ಬಾಸ್ಟನ್ನಿನಲ್ಲಿ ಅಸಾಮಾನ್ಯ ಮನಃಸ್ಥಿತಿಗಳನ್ನು ಕುರಿತು ಎಂಟು ಉಪನ್ಯಾಸಗಳನ್ನು ಮಾಡಿದನು. ಮೊದಲನೆಯದು ಕನಸು ಮತ್ತು ಸಂಮೋಹನಗಳ ವಿಷಯ. ಕನಸು ಕಾಣುವವನ ಮನಸ್ಸು ಕಿರಿದಾದ ಕಿಂಡಿಯಂತೆ. ಕಂಡದ್ದನ್ನು ಅಲ್ಲಗಳೆಯುವ ಬೇರೆ ಅರಿವುಗಳು ಆಗ ಇಲ್ಲದ ಕಾರಣ ಕಂಡದ್ದೆಲ್ಲವೂ ನಿಜವಾಗುವುದು. ಅದೇ ವರ್ಷದ ಮಾರ್ಚ್ 25ರಂದು ಸ್ವಾಮಿ ವಿವೇಕಾನಂದರು ಹಾರ್ವರ್ಡಿನ ತತ್ತ್ವಶಾಸ್ತ್ರ ಸಂಘದಲ್ಲಿ ವೇದಾಂತವನ್ನು ಕುರಿತು ಭಾಷಣ ಮಾಡಿದರು. ಜೇಮ್ಸನು ಸ್ವಾಮಿಗಳನ್ನು ಬಲ್ಲವನಾಗಿದ್ದು, ರಾಜಯೋಗದ ಅವರ ಗ್ರಂಥವನ್ನು ಓದಿ, ಸಮಾಧಿಯ ವಿಚಾರವಾಗಿ ಅದನ್ನು ತನ್ನ ಪುಸ್ತಕದಲ್ಲಿ ಸ್ಮರಿಸಿದ್ದಾನೆ. ಎಲ್ಲವೂ ಒಂದೇ ಎಂಬ ಸಿದ್ಧಾಂತವು ನೊಂದವರಿಗೆ ಅಭಯ ನೀಡುವುದೆಂದು ಒಪ್ಪಿದರೂ, ತಾನು ಮಾತ್ರ ಬಹುತ್ವವನ್ನೇ ಹಿಡಿದನು.

ಎಡಿನ್‌ಬರ್ಗ್ ನಗರದಲ್ಲಿ 1901–02ರಲ್ಲಿ ಮಾಡಿದ ಇಪ್ಪತ್ತು ಉಪನ್ಯಾಸಗಳು ಧಾರ್ಮಿಕಾನುಭವದ ವಿವಿಧ ರೂಪಗಳು ಎಂಬ ಹೆಸರಿನಿಂದ 1902ರಲ್ಲಿ ಗ್ರಂಥವಾದವು. ಬೆಟ್ಟ ಹತ್ತಿ ಹೃದಯಕ್ಕೆ ಪೆಟ್ಟು ಮಾಡಿಕೊಂಡಿದ್ದ ಆತನು ಅವುಗಳ ಬಹುಭಾಗವನ್ನು ಹಾಸಿಗೆ ಹಿಡಿದೇ ಸಿದ್ಧಪಡಿಸಿದ್ದನು. ಎಚ್ಚರವೆಂದು ನಾವು ಕರೆಯುವುದು ಅರಿವಿನ ಹಲವು ಬಗೆಗಳಲ್ಲಿ ಒಂದು ಮಾತ್ರ. ನಡುಮನೆಯಲ್ಲಿ ಕುಳಿತವನು ಮನೆಯೆಂದರೆ ಇಷ್ಟೇ ಎಂದು ತಿಳಿಯಬಾರದು, ಗೋಡೆಯಾಚೆ ಬೇರೆ ಕೋಣೆಗಳೂ ಇರುವುವು. ಈ ತೀರ್ಮಾನಕ್ಕೆ ಆತನು ಬಂದುದು ಬರಿಯ ಓದಿನಿಂದಲ್ಲ. ವೈದ್ಯರು ನೋವನ್ನು ಮರೆಸಲು ಬಳಸುವ ನಗೆಯನಿಲವನ್ನು ಹಿಂದೆ ತಾನೇ ಸೇದಿ ನೋಡಿದ್ದನು. ಆ ಮತ್ತಿನಲ್ಲಿ ಜಗತ್ತಿನ ಗುಟ್ಟೆಲ್ಲ ತಿಳಿದಂತಾಗಿ ಹಾಳೆಹಾಳೆ ಬರೆದಿದ್ದನು. ಮತ್ತಿಳಿದು ಓದಿದರೆ ಅರ್ಥವಿಲ್ಲದ ಮಾತುಗಳ ರಾಶಿ! ಇದನ್ನು 1882ರಲ್ಲಿ ಮರೆಮಾಚದೆ ಪ್ರಕಟಿಸಿದನು. ಆದುದರಿಂದಲೇ ಅಂಥ ಸ್ಥಿತಿಗಳ ಬೆಲೆಯನ್ನು ಅಳೆಯುವ ಒರೆಗಲ್ಲು ಯಾವುದೆಂಬ ಪ್ರಶ್ನೆಯು ಆತನಿಗೆ ಮುಖ್ಯವಾಯಿತು.

ಅನುಭಾವಕ್ಕೆ ಆತನು ನಾಲ್ಕು ಲಕ್ಷಣಗಳನ್ನು ಹೇಳಿದನು. ಅದು ಮಾತಿಗೆ ಸಿಲುಕದು, ಕಂಡವನಿಗೆ ಅರಿವನ್ನು ಕೊಟ್ಟಂತಿರುವುದು, ಬಹುಕಾಲ ನಿಲ್ಲದು, ತನಗಿಂತ ಹಿರಿದಾದುದೊಂದು ತನ್ನನ್ನು ಹಿಡಿದೆತ್ತಿದಂತೆ ತೋರುವುದು. ಕಂಡವನಿಗೆ ಅದು ಪ್ರಮಾಣ. ಕಾಣದವನು ಅದನ್ನು ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ಎಚ್ಚರದ ಬುದ್ಧಿಯೊಂದೇ ಎಲ್ಲಕ್ಕೂ ಕೊನೆಯ ನ್ಯಾಯಾಧಿಪತಿಯೆಂಬ ಗರ್ವವು ಮಾತ್ರ ಅದರಿಂದ ಮುರಿಯುವುದು. ಮರದ ಬೆಲೆಯು ಬೇರಿನಿಂದಲ್ಲ, ಹಣ್ಣಿನಿಂದ ತಿಳಿಯುವಂತೆ, ಅನುಭಾವವನ್ನು ಅದು ಬಾಳಿನಲ್ಲಿ ಬಿಡುವ ಫಲದಿಂದಲೇ ತೂಗಬೇಕು. ನುಡಿಯನ್ನು ನಡೆಯಿಂದ ಅಳೆಯುವ ನಾಡಿನವರಿಗೆ ಈ ಒರೆಗಲ್ಲು ಹೊಸದೆನಿಸದು. ತನ್ನ ಪ್ರಕೃತಿಯು ಇಂಥ ಅನುಭಾವಕ್ಕೆ ಬಹುಮಟ್ಟಿಗೆ ಮುಚ್ಚಿದ ಬಾಗಿಲೆಂದು ಒಪ್ಪಿಕೊಂಡ ಪ್ರಾಮಾಣಿಕತೆಯೂ ಆತನದೇ.

1904ರಲ್ಲಿ ಆತನು ಇನ್ನೊಂದು ಹೆಜ್ಜೆಯಿಟ್ಟನು. ಪ್ರಜ್ಞೆಯೆಂಬುದು ಒಳಗೆ ಅಡಗಿರುವ ಒಂದು ವಸ್ತುವಲ್ಲ, ಅದೊಂದು ಕ್ರಿಯೆ ಎಂದು ವಾದಿಸಿದನು. ನಡಿಗೆಯು ಕಾಲಿನೊಳಗೆ ಬಚ್ಚಿಟ್ಟ ಪದಾರ್ಥವಲ್ಲ, ಕಾಲು ಮಾಡುವ ಕೆಲಸ ಎಂದ ಹಾಗೆ. ಹೀಗೆ ನಾನೆಂಬುದನ್ನು ಗಟ್ಟಿ ವಸ್ತುವಲ್ಲವೆಂದು ಬುದ್ಧಿಯಿಂದ ತಿಳಿದವನಿಗೆ, ಅದು ಸಡಿಲಿದರೆ ಹೇಗಿರುವುದೆಂದು ಅನುಭವದಿಂದ ತಿಳಿಯುವ ಸಮಯವೂ ಎರಡು ವರ್ಷಗಳಲ್ಲಿ ಬಂದಿತು.

1906ರ ಆರಂಭದಲ್ಲಿ ಪಾಠ ಹೇಳಲೆಂದು ಆತನು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದಿದ್ದನು. ಫೆಬ್ರುವರಿಯ ಒಂದು ಬೆಳಗ್ಗೆ ಶಾಂತವಾದ ಕನಸಿನಿಂದ ಏಳುತ್ತಿರುವಾಗ, ಸಿಂಹಗಳಿಂದ ತುಂಬಿದ ಘೋರವಾದ ಮತ್ತೊಂದು ಕನಸಿನ ನೆನಪು ಅದರೊಳಗೆ ತೂರಿಕೊಂಡಿತು. ಮರುದಿನದ ಇರುಳು ಮೊದಲ ನಿದ್ರೆಯಿಂದ ಥಟ್ಟನೆ ಎಚ್ಚರವಾಯಿತು. ಆಗ ಒಂದಲ್ಲ, ಮೂರು ಕನಸುಗಳು ಒಂದರೊಳಗೊಂದು ಹೊಕ್ಕು ಹೊರಬರತೊಡಗಿದವು. ಒಂದು ಲಂಡನ್ನಿನಲ್ಲಿ ಯಾರಿಗೋ ನಡೆದುದು; ಒಂದು ಅಂಗಿಯನ್ನು ತೊಟ್ಟು ನೋಡುವುದು; ಇನ್ನೊಂದು ಸೈನಿಕರ ದುಃಸ್ವಪ್ನ. ಮೂರಕ್ಕೂ ತಾನೇ ಸಾಕ್ಷಿ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ತನ್ನ ಎಚ್ಚರದ ಬಾಳಿಗೂ ಸೇರಲಾರವು. ತಾನು ಎದ್ದುದು ಯಾವ ಕನಸಿನಿಂದ? ಇವೆಲ್ಲ ಯಾವಾಗ ಕಂಡವು? ಇನ್ನಷ್ಟು ಎಚ್ಚರಗೊಳ್ಳಲು ಯತ್ನಿಸಿದರೆ ಆಗಲೇ ಪೂರ್ತಿ ಎಚ್ಚರವಾಗಿದೆ! ಮೈ ನಡುಗಿತು. ಅನ್ಯರ ಕನಸಿನೊಳಗೆ ಹೊಕ್ಕಿರುವೆನೋ, ಒಂದೇ ದೇಹದಲ್ಲಿ ಎರಡು ಮೂರು ವ್ಯಕ್ತಿಗಳಾಗುತ್ತಿರುವೆನೋ, ಮೆದುಳಿನ ರಕ್ತನಾಳ ಕಟ್ಟಿತೋ ಎಂದು ವೈದ್ಯಬುದ್ಧಿಯೂ ಭಯವೂ ಕೂಡಿಯೇ ಪ್ರಶ್ನಿಸಿದವು. ಅಣ್ಣತಮ್ಮಂದಿರ ದೃಷ್ಟಾಂತದ ಆ ಬಿಸುಪು, ತನ್ನ ನೆನಪನ್ನು ತನ್ನದೆಂದು ಗುರುತಿಸುವ ಆ ಗುರುತು, ಆ ಗಳಿಗೆಯಲ್ಲಿ ಕೈಬಿಟ್ಟಿತ್ತು.

ಆಗ ಆತನ ಮನಸ್ಸಿನಲ್ಲಿ ಮೂಡಿದುದು ಬರಿಯ ಭಯವಲ್ಲ. ಬುದ್ಧಿಭ್ರಮಣೆಗೆ ಜಾರುತ್ತಿರುವವರು ಹಗಲಿರುಳು ಇದೇ ಗೊಂದಲದಲ್ಲಿ ಬೀಳುವರಲ್ಲವೇ ಎಂಬ ಕರುಣೆಯು ಉಕ್ಕಿತು. ಬಳಿಕ, ಹಿಂದಿನ ಇರುಳುಗಳಲ್ಲಿ ಕಂಡು ಮರೆತ ಕನಸುಗಳೇ ಹೀಗೆ ಮೇಲೆದ್ದಿರಬಹುದೆಂಬ ಸಹಜವಾದ ವಿವರಣೆಯು ಹೊಳೆದು ಮನಸ್ಸು ನೆಲೆಗೊಂಡಿತು. ಆದರೂ ವಿವೇಕಕ್ಕೂ ಭ್ರಾಂತಿಗೂ ನಡುವಣ ಹೊಸ್ತಿಲು ಎಲ್ಲರಲ್ಲಿಯೂ ಬಹಳ ತಗ್ಗಾಗಿದೆಯೆಂಬುದು ಆತನಿಗೆ ಮನದಟ್ಟಾಯಿತು.

ಎರಡು ತಿಂಗಳ ಮೇಲೆ, ಏಪ್ರಿಲ್ 18ರ ಮುಂಜಾನೆ, ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಕೆಡವಿದ ಮಹಾಭೂಕಂಪವು ಸ್ಟ್ಯಾನ್‌ಫರ್ಡನ್ನೂ ಅಲ್ಲಾಡಿಸಿತು. ಮಂಚದಲ್ಲಿ ಎಚ್ಚರವಾಗಿಯೇ ಮಲಗಿದ್ದ ಜೇಮ್ಸನಿಗೆ ಭಯವೇ ಆಗಲಿಲ್ಲ. ವಿಸ್ಮಯವೂ ಉಲ್ಲಾಸವೂ ಆದವೆಂದು ಆತನೇ ಬರೆದಿರುವನು. ಅದೇ ದಿನ ಸಹೋದ್ಯೋಗಿಯೊಬ್ಬಳ ತಂಗಿಯನ್ನು ಹುಡುಕಲು ಆಕೆಯೊಡನೆ ಉರಿಯುತ್ತಿದ್ದ ನಗರಕ್ಕೂ ಹೋಗಿಬಂದನು. ನೆಲ ನಡುಗಿದಾಗ ಅಂಜದವನು ಕನಸಿನಲ್ಲಿ ನಾನೆಂಬ ನೆಲೆ ನಡುಗಿದಾಗ ಅಂಜಿದ್ದನು. ಮನುಷ್ಯನಿಗೆ ಯಾವುದು ನಿಜವಾದ ಆಧಾರವೆಂಬುದನ್ನು ಈ ಎರಡು ಕಂಪಗಳನ್ನು ಜೊತೆಗಿಟ್ಟು ನೋಡಿ ತಿಳಿಯಬಹುದು.

ಅಂದಿನ ಕರುಣೆ ಆ ರಾತ್ರಿಗೇ ಮುಗಿಯಲಿಲ್ಲ. ಹುಚ್ಚಾಸ್ಪತ್ರೆಗಳಲ್ಲಿ ಹೊಡೆತ ಬಡಿತಗಳನ್ನುಂಡು ಗುಣಹೊಂದಿ ಹೊರಬಂದ ಕ್ಲಿಫರ್ಡ್ ಬಿಯರ್ಸ್ ಎಂಬ ತರುಣನು ತನ್ನ ಕಥೆಯನ್ನು ಬರೆದು ಅದೇ 1906ರಲ್ಲಿ ಹಸ್ತಪ್ರತಿಯನ್ನು ಜೇಮ್ಸನಿಗೆ ಕಳುಹಿದನು. ಜೇಮ್ಸನು ಮನಸಾರೆ ಮೆಚ್ಚಿ ಬರೆದ ಪತ್ರವು 1908ರಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ಮುನ್ನುಡಿಯಂತೆ ನಿಂತಿತು. ಮರುವರ್ಷ ಮಾನಸಿಕ ಆರೋಗ್ಯಕ್ಕಾಗಿ ಅಮೆರಿಕದಲ್ಲಿ ರಾಷ್ಟ್ರೀಯ ಸಮಿತಿಯು ಸ್ಥಾಪನೆಯಾಗಲು ಆತನ ಬೆಂಬಲವಿತ್ತು. ಬೆಂಚಿನ ಮೇಲೆ ಮುದುರಿ ಕುಳಿತ ಯುವಕನನ್ನು ಕಂಡು ಇಪ್ಪತ್ತೆಂಟರಲ್ಲಿ ನಡುಗಿದವನು, ಅರುವತ್ತು ದಾಟಿದ ಮೇಲೆ ಅಂಥವರ ಪರವಾಗಿ ನಿಂತನು.

1909ರ ಸೆಪ್ಟೆಂಬರಿನಲ್ಲಿ ಕ್ಲಾರ್ಕ್ ವಿಶ್ವವಿದ್ಯಾನಿಲಯಕ್ಕೆ ವಿಯೆನ್ನದ ಫ್ರಾಯ್ಡನು ಬಂದನು. ಕನಸಿನ ಅರ್ಥವನ್ನು ಕುರಿತ ಆತನ ಸಿದ್ಧಾಂತವು ಜೇಮ್ಸನಿಗೆ ಒಪ್ಪಿಗೆಯಾಗಲಿಲ್ಲ; ಆದರೂ ಕೇಳಲು ಹೋದನು. ಇಬ್ಬರೂ ನಡೆಯುತ್ತಿರುವಾಗ ಜೇಮ್ಸನು ತಟ್ಟನೆ ನಿಂತು, ಕೈಚೀಲವನ್ನು ಫ್ರಾಯ್ಡನಿಗೆ ಕೊಟ್ಟು, ಮುಂದೆ ನಡೆಯುತ್ತಿರಲು ಹೇಳಿದನು. ಎದೆನೋವು ಬರುತ್ತಿತ್ತು, ಅದು ಕಳೆದ ಮೇಲೆ ಬಂದು ಸೇರಿಕೊಂಡನು. ಸಾವನ್ನು ಹೀಗೆ ಎದುರಿಸುವ ಧೈರ್ಯ ತನಗೂ ಬರಲೆಂದು ಫ್ರಾಯ್ಡನು ಹಾರೈಸಿಕೊಂಡನು. 1910ರ ಫೆಬ್ರುವರಿಯಲ್ಲಿ ಜೇಮ್ಸನು ಕನಸುಗಳ ಆ ವೃತ್ತಾಂತವನ್ನು ಪ್ರಕಟಿಸಿದನು. ಸಮುದ್ರವು ಇಳಿದಾಗ ಮುಳುಗಿದ್ದ ದಂಡೆ ತೋರುವಂತೆ, ಅರಿವಿನ ಹೊಸ್ತಿಲು ತಗ್ಗಿದಾಗ ಕಾಣದುದು ಕಾಣುವುದೆಂದೂ, ಅನುಭಾವವೂ ಅಂಥದೊಂದು ವಿಸ್ತಾರವಾಗಿರಬಹುದೆಂದೂ ಅದರಲ್ಲಿ ಸೂಚಿಸಿದನು. ಆಗಸ್ಟ್ 26ರಂದು ಚೊಕೋರುವಾದ ತನ್ನ ಬೇಸಿಗೆಯ ಮನೆಯಲ್ಲಿ, ಪತ್ನಿಯ ತೋಳಿನಲ್ಲಿ ತಲೆಯಿಟ್ಟು, ಅರುವತ್ತೆಂಟರ ವಯಸ್ಸಿನಲ್ಲಿ ಕಣ್ಣು ಮುಚ್ಚಿದನು.

ಆತನ ಬಳಿಕ ಶಾಸ್ತ್ರವು ಮುಂದೆ ಸಾಗಿದೆ. ಜರ್ಮನಿಯ ಹಾನ್ಸ್ ಬರ್ಗರನು 1929ರಲ್ಲಿ ಮೆದುಳಿನ ವಿದ್ಯುತ್ತರಂಗಗಳ ಬರಹವನ್ನು ಪ್ರಕಟಿಸಿದನು. 1953ರಲ್ಲಿ ಶಿಕಾಗೊ ನಗರದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು, ನಿದ್ರೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನೂ, ಆಗ ಎಬ್ಬಿಸಿದರೆ ಜನರು ಸ್ಪಷ್ಟವಾದ ಕನಸನ್ನು ಹೇಳುವುದನ್ನೂ ತೋರಿಸಿದರು. ಸುಮಾರು 90 ನಿಮಿಷಗಳಿಗೊಮ್ಮೆ ಈ ಚಕ್ರವು ತಿರುಗಿ, ಒಂದೇ ರಾತ್ರಿಯಲ್ಲಿ ನಾಲ್ಕೈದು ಬಾರಿ ಬರುವುದೆಂದೂ, ಎಚ್ಚರವಾಗದಿದ್ದರೆ ಹೆಚ್ಚಿನ ಕನಸುಗಳು ನೆನಪಿಲ್ಲದೆ ಅಳಿಸಿಹೋಗುವುವೆಂದೂ ಈಗ ತಿಳಿದಿದೆ. ನೆನಪಿಲ್ಲದ್ದೆಲ್ಲ ಇರಲೇ ಇಲ್ಲವೆಂದು ಹೇಳಬಾರದೆಂಬ ಜೇಮ್ಸನ ಎಚ್ಚರಿಕೆಯು ಸಾರ್ಥಕವಾಯಿತು.

ಯಂತ್ರಗಳು ತರಂಗವನ್ನು ಬರೆದು ತೋರುವುವು. ಎದ್ದವನು ಹೇಗೆ ಬಾಳಬೇಕೆಂಬುದನ್ನು ಹೇಳಲಾರವು. ಜೇಮ್ಸನ ಬಾಳು ಅದನ್ನು ಹೇಳುತ್ತದೆ. ಮನೆಯಲ್ಲಾಗಲಿ ನೆರೆಯಲ್ಲಾಗಲಿ ಬುದ್ಧಿ ಕದಡಿದವರಿದ್ದರೆ ಅವರನ್ನು ಬೇರೆ ಜಾತಿಯ ಜೀವಿಗಳೆಂದು ಕಾಣಬಾರದು. ಅವರಿಗೂ ನಮಗೂ ನಡುವೆ ಇರುವುದು ಒಂದು ತಗ್ಗಾದ ಹೊಸ್ತಿಲು. ಕನಸಿನಲ್ಲಿಯೋ ಧ್ಯಾನದಲ್ಲಿಯೋ ಏನನ್ನಾದರೂ ಕಂಡವರು ಅದನ್ನು ಹೇಳಿಕೊಂಡು ಹಿರಿಯರಾಗಲಾರರು. ಕಂಡ ಬಳಿಕ ಅವರ ಕೋಪ ಎಷ್ಟು ಇಳಿಯಿತು, ಕರುಣೆ ಎಷ್ಟು ಬೆಳೆಯಿತು ಎಂಬುದೇ ಲೆಕ್ಕ. ಮನಸ್ಸು ಕುಸಿದವರು ಆರೋಗ್ಯವು ಪೂರ್ತಿಯಾಗಿ ಬಂದ ಮೇಲೆ ಏಳುವೆನೆಂದು ಕಾಯಬೇಕಾಗಿಲ್ಲ. ಚಳಿಯ ಬೆಳಗಿನಲ್ಲಿ ಒಂದು ಒಳ್ಳೆಯ ಕೆಲಸವನ್ನು ನೆನೆದು ಕಾಲನ್ನು ನೆಲಕ್ಕಿಟ್ಟರೆ ಆ ದಿನದ ಮಟ್ಟಿಗೆ ಸಾಕು. ಮರುದಿನ ಮತ್ತೆ ಹಾಗೆಯೇ ಏಳಬೇಕು.